ಹಳೇ ಮಿಲಿಟರಿ ಜೀಪಿನ ಚಿತ್ರ ಬಿಡಿಸುವವರು ಬೇಕು

ಎಲ್ಲರಿಗೂ ನಮಸ್ಕಾರ. ಹಳೇ ಮಿಲಿಟರಿ ಗಾಡಿಗಳ ಚಿತ್ರ ಬಿಡಿಸುವ ಕಲಾವಿದರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸಕಲೇಶಪುರದ ನಮ್ಮ ತೋಟದಲ್ಲಿ ತಾತನ ವಿಲ್ಲಿಸ್ ಎಂಬಿ ಜೀಪ್ (ಎರಡನೇ ಮಹಾಯುದ್ಧದ ಕಾಲದ ಅಮೆರಿಕನ್ ಮಿಲಿಟರಿ ಜೀಪ್) ಇತ್ತು, 1944ರದ್ದು. ಗಾಡಿ ಈಗಿಲ್ಲ. ಒಂದು ಕಪ್ಪು ಬಿಳುಪು ಫೋಟೋ ಉಳಿದಿದೆ, ಅದರಲ್ಲೂ ಮುಂಭಾಗ ಮಾತ್ರ.

ಸುಮ್ನೆ ಜೀಪಿನ ಹಾಗೆ ಕಂಡರೆ ಸಾಲದು. ಮೊದಲು ಒಬ್ಬರು ಬಿಡಿಸಿಕೊಟ್ಟಿದ್ದರು. ಕೈ ಚೆನ್ನಾಗಿದೆ, ಆದರೆ ಗ್ರಿಲ್‌ಗೆ ಏಳೇ ಸೀಳು! ಏಳು ಬಂದದ್ದು ಯುದ್ಧದ ನಂತರ ಜನಸಾಮಾನ್ಯರಿಗೆಂದು ಮಾಡಿದ ಸಿಜೆ ಜೀಪುಗಳಿಗೆ. ಎಂಬಿಗೆ ಒಂಬತ್ತು. ಹೆಡ್‌ಲೈಟ್ ಚಿಕ್ಕದು, ಗ್ರಿಲ್‌ನ ಹಿಂದೆ ಒಳಗೆ ಕೂತಿರುತ್ತದೆ. ಬಾನೆಟ್ ಎತ್ತಿ ಹೆಡ್‌ಲೈಟನ್ನು ಹಿಂದಕ್ಕೆ ತಿರುಗಿಸಿದರೆ ಬೆಳಕು ಇಂಜಿನ್ ಮೇಲೆ ಬೀಳುತ್ತದೆ, ರಾತ್ರಿ ರಿಪೇರಿ ಮಾಡಬಹುದು. ಹಾಗೇ ಬಿಡಿಸಿದರೆ ಎಷ್ಟು ಚೆನ್ನ ಅಲ್ವಾ! ಹಿಂಭಾಗ ಕಾಣುವುದಾದರೆ ಬಲಕ್ಕೆ ಸ್ಟೆಪ್ನಿ, ಎಡಕ್ಕೆ ಜೆರ್ರಿಕ್ಯಾನ್ (ಪೆಟ್ರೋಲ್ ಡಬ್ಬ) ಇರಲಿ.

ಇಂಕ್ ಮತ್ತು ವಾಟರ್‌ಕಲರ್, ಎ3 ಕಾಗದ. ಡಿಜಿಟಲ್ ಬೇಡ, ಅಜ್ಜಿಗೆ ಕೊಡುವ ಚಿತ್ರ ಇದು. ಕೆಲಸಕ್ಕೆ ತಕ್ಕ ದುಡ್ಡು ಕೊಡುತ್ತೇನೆ, ಅರ್ಧ ಮುಂಗಡ. ಬಿಡಿಸುವವರೇ ಇದ್ದರೆ ಹಿಂದೆ ಮಾಡಿದ ಒಂದೆರಡು ಗಾಡಿ ಚಿತ್ರ ಕಳಿಸಿ, ಫೋಟೋ ಕಳಿಸುತ್ತೇನೆ.