ಸಹಾಯ ಬೇಕು: ಮಗನ ಮೊದಲ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆ, ಅದೂ ಡಿಸೆಂಬರ್ ಚಳಿಯಲ್ಲಿ

ಅಮೆರಿಕದ ಕೊಲರಾಡೋದಲ್ಲಿ ಬೇಟೆ ಗೊತ್ತಿರುವ ಕನ್ನಡದವರು ಯಾರಾದರೂ ಇದ್ದೀರಾ? ಮಗನಿಗೆ 14 ವರ್ಷ. ಹಂಟರ್ ಎಜುಕೇಶನ್ (ಬೇಟೆಗಾರರ ಸುರಕ್ಷತಾ ತರಬೇತಿ) ಮುಗಿಸಿದ್ದಾನೆ, ಹೆಣ್ಣು ಎಲ್ಕ್ ಲೈಸೆನ್ಸ್ ಸಿಕ್ಕಿದೆ, 16 ತುಂಬಿಲ್ಲವಲ್ಲ, ದೊಡ್ಡವರು ಜೊತೆಗಿರಲೇಬೇಕು. ನಾನು ಕೊಡಗಿನ ಮನೆಯಲ್ಲಿ ಕೋವಿ ನೋಡಿ ಬೆಳೆದವನು, ಆದರೆ ಹಿಮದಲ್ಲಿ ಬೇಟೆಗೆ ಹೋದವನಲ್ಲ. ಅವನು 150 ಗಜದವರೆಗೆ ಚೆನ್ನಾಗಿ ಗುರಿ ಹೊಡೆಯುತ್ತಾನೆ, ಅದಕ್ಕಿಂತ ದೂರ ಬೇಡವೇ ಬೇಡ ಎಂದಿದ್ದೇನೆ.

ಹಿಮ ಜಾಸ್ತಿಯಾದರೆ ಹಿಂಡುಗಳು ತಗ್ಗಿನ ಹುಲ್ಲುಗಾವಲಿಗೆ ಇಳಿಯುತ್ತವೆ, ಅಲ್ಲಿ ಖಾಸಗಿ ಜಮೀನೇ ಜಾಸ್ತಿ ಅಲ್ವಾ, ಹಾಗಾದರೆ ಸರ್ಕಾರಿ ಜಾಗದ ಅಂಚಿನಲ್ಲಿ ಬೆಳಗಾಗುವ ಮೊದಲು ಎಂಥ ಕಡೆ ಹೋಗಿ ಕೂರಬೇಕು? 200 ಕೆಜಿ ಪ್ರಾಣಿ ಬಿದ್ದ ಮೇಲೆ ನಾವಿಬ್ಬರೇ ಮಾಂಸ ತರುವುದು ಹೇಗೆ, ಹಿಮದ ಮೇಲೆ ಎಳೆಯುವ ಸ್ಲೆಡ್ ಸಾಕಾ? ಗಂಟೆಗಟ್ಟಲೆ ಸುಮ್ನೆ ಕೂತಾಗ ಹುಡುಗನ ಕೈಕಾಲು ಮರಗಟ್ಟದ ಹಾಗೆ ಏನು ಹಾಕಿಸಲಿ? ಮಕ್ಕಳನ್ನು ಕರೆದುಕೊಂಡು ಹೋದವರು ದಯವಿಟ್ಟು ಹೇಳಿ.