ಸಹಾಯ ಬೇಕು: ರಿಮೋಟ್ ಸಂಪರ್ಕ ಕಡಿದ ಮೇಲೆ ಪರದೆ ಮೊದಲಿನಂತಿಲ್ಲ (ವಿಂಡೋಸ್ 10)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಮ್ಮದು ಡಿಟಿಪಿ ಅಂಗಡಿ. ಬಿಲ್ಲಿಂಗ್ ಸಾಫ್ಟ್‌ವೇರ್ ಸರಿ ಮಾಡಲು ಅದರ ಕಡೆಯವರು ರಿಮೋಟ್ ಆ್ಯಪ್ (ದೂರದಿಂದಲೇ ಕಂಪ್ಯೂಟರ್ ನಡೆಸುವ ಆ್ಯಪ್) ಮೂಲಕ ನಮ್ಮ ಕಂಪ್ಯೂಟರ್‌ಗೆ ಬಂದಿದ್ದರು. ಮಧ್ಯದಲ್ಲೇ ಕರೆಂಟ್ ಹೋಯಿತು. ಮತ್ತೆ ಆನ್ ಮಾಡಿದರೆ ವಾಲ್‌ಪೇಪರ್ ಇಲ್ಲ, ಪರದೆ ಪೂರ್ತಿ ಕಪ್ಪು. ವಿಂಡೋ ಎಳೆದರೆ ಬರೀ ಗೆರೆಯ ಚೌಕಟ್ಟು ಓಡಾಡುತ್ತದೆ.

ಅದೆಲ್ಲ ಹೇಗೋ ನಡೆಯುತ್ತದೆ. ಕಷ್ಟ ಇರುವುದು ಅಕ್ಷರದಲ್ಲಿ. ಅಂಚೆಲ್ಲ ಒರಟು, ಒತ್ತಕ್ಷರಗಳು ಮೆತ್ತಿಕೊಂಡ ಹಾಗೆ ಕಾಣುತ್ತವೆ. ಮದುವೆ ಪತ್ರಿಕೆಯ ಪ್ರೂಫ್ ನೋಡುವಾಗ ‘ಷ್ಟ’ ಯಾವುದು, ‘ಷ್ಠ’ ಯಾವುದು ಅಂತ ಪ್ರತಿ ಸಲ ದೊಡ್ಡದು ಮಾಡಿ ನೋಡಬೇಕು. ಜನರ ಹೆಸರು ತಪ್ಪಾಗಿ ಅಚ್ಚಾಗಬಾರದು, ಅಲ್ವಾ?

ಡೇಟಾ ಉಳಿಸಲು ಇಂಥ ಆ್ಯಪ್‌ಗಳು ವಾಲ್‌ಪೇಪರ್, ಎಫೆಕ್ಟ್‌ಗಳನ್ನು ಆಫ್ ಮಾಡಿ, ಕೆಲಸ ಮುಗಿದ ಮೇಲೆ ವಾಪಸ್ ಹಾಕುತ್ತವೆ. ನಮ್ಮಲ್ಲಿ ಆ ವಾಪಸ್ ಹಾಕುವುದು ಆಗಿಲ್ಲ ಅನ್ನಿಸುತ್ತದೆ. ‘ಸಿಸ್‌ಡಿಎಂ.ಸಿಪಿಎಲ್’ (ಸಿಸ್ಟಮ್ ಸೆಟ್ಟಿಂಗ್‌ಗಳ ವಿಂಡೋ) ತೆರೆದು, ಅಡ್ವಾನ್ಸ್‌ಡ್‌ನಲ್ಲಿ ಪರ್ಫಾರ್ಮೆನ್ಸ್ ಸೆಟ್ಟಿಂಗ್ಸ್‌ಗೆ ಹೋಗಿ ‘ಸ್ಮೂತ್ ಎಡ್ಜಸ್ ಆಫ್ ಸ್ಕ್ರೀನ್ ಫಾಂಟ್ಸ್’ ಟಿಕ್ ಮಾಡಿದೆ. ಅಕ್ಷರ ನುಣುಪಾಗಿ ತೋರಿಸುವ ಕ್ಲಿಯರ್‌ಟೈಪ್ ಕೂಡ ಆನ್ ಮಾಡಿದೆ. ಆಗ ಅಕ್ಷರ ಚೆನ್ನಾಗಿ ಬರುತ್ತದೆ. ರೀಸ್ಟಾರ್ಟ್ ಮಾಡಿದರೆ ಮತ್ತೆ ಅದೇ ಕಥೆ.

ಆ ಆ್ಯಪ್ ವಿಂಡೋಸ್ ಜೊತೆಗೇ ಶುರುವಾಗಿ ಇದನ್ನು ಆಫ್ ಮಾಡುತ್ತಿದೆಯಾ? ತೆಗೆದುಹಾಕಿದರೆ ಸಾಕಾ? ಇಲ್ಲಾ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ) ಪರದೆಯ ಎಫೆಕ್ಟ್‌ಗಳಿಗೆ ಸಂಬಂಧಿಸಿದ ‘ಯೂಸರ್‌ಪ್ರಿಫರೆನ್ಸಸ್‌ಮಾಸ್ಕ್’ ಬದಲಿಸಬೇಕಾ? ಹಾಗಾದರೆ ಮೊದಲು ಬ್ಯಾಕಪ್ ತೆಗೆಯುವುದು ಹೇಗೆ ಅಂತಲೂ ಹೇಳಿ. ವಿಂಡೋಸ್ ರೀಸೆಟ್ ಮಾತ್ರ ಬೇಡ. ನುಡಿ, ಹಳೆಯ ಫಾಂಟ್‌ಗಳು ಎಲ್ಲ ಇದರಲ್ಲೇ ಇವೆ. ಊರಲ್ಲಿ ಇದನ್ನು ಬಲ್ಲವರು ಯಾರಾದರೂ ಅಂಗಡಿಗೇ ಬಂದರೂ ಸರಿ, ಶುಲ್ಕ ಕೊಡುತ್ತೇನೆ.