ಸೃಜನಶೀಲ ಬರವಣಿಗೆಯಲ್ಲಿ ಬಿ.ಎ.: ಮಗಳನ್ನು ಸೇರಿಸಬಹುದೇ?

ದಾವಣಗೆರೆಯ ತಾಯಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ ಓದುತ್ತಿದ್ದಾಳೆ. ಹೈಸ್ಕೂಲಿನಲ್ಲಿದ್ದಾಗಿನಿಂದಲೂ ಕನ್ನಡದಲ್ಲಿ ಕಥೆ ಬರೆಯುತ್ತ ಬಂದಿದ್ದಾಳೆ, ಒಂದೆರಡು ವಾರಪತ್ರಿಕೆಯಲ್ಲಿ ಅಚ್ಚಾಗಿಯೂ ಇವೆ. ಪದವಿಯಲ್ಲಿ ಸೃಜನಶೀಲ ಬರವಣಿಗೆಯನ್ನೇ ಮುಖ್ಯ ವಿಷಯವಾಗಿ ಓದುತ್ತೇನೆಂದು ಈಗ ಹಟ ಹಿಡಿದಿದ್ದಾಳೆ. ಅವಳು ನೋಡಿಟ್ಟುಕೊಂಡಿರುವ ಕೋರ್ಸುಗಳಲ್ಲಿ ಒಂದು ಉತ್ತರ ಭಾರತದ ಖಾಸಗಿ ವಿಶ್ವವಿದ್ಯಾಲಯದ್ದು, ಇನ್ನೊಂದು ಇಂಗ್ಲೆಂಡಿನದು. ಎರಡರಲ್ಲೂ ಪಾಠವೂ ಬರವಣಿಗೆಯೂ ಇಂಗ್ಲಿಷಿನಲ್ಲೇ ನಡೆಯುತ್ತವೆ. ಅವಳ ತಂದೆ ಬಿ.ಎ. ಮುಗಿಸಿ ಬಿ.ಇಡಿ. ಮಾಡಲಿ, ಬರೆಯುವುದನ್ನು ಯಾರೂ ಬೇಡವೆನ್ನುವುದಿಲ್ಲ ಎನ್ನುತ್ತಾರೆ. ನನಗೆ ಇಬ್ಬರ ಮಾತೂ ಸರಿಯೆನ್ನಿಸುತ್ತದೆ.

ಇಂಥ ಪದವಿಯಲ್ಲಿ ಮೂರು ವರ್ಷ ನಿಜವಾಗಿ ಏನು ಕಲಿಸುತ್ತಾರೆ? ಕನ್ನಡದಲ್ಲಿ ಬರೆಯುವ ಹುಡುಗಿಗೆ ಅದರಿಂದ ಉಪಯೋಗವಾಗುತ್ತದೆಯೇ, ಇಲ್ಲ ಇರುವ ಭಾಷೆಯೂ ಕೈತಪ್ಪುತ್ತದೆಯೇ? ಮುಂದೆ ಹೊಟ್ಟೆಪಾಡಿನ ಗತಿಯೇನು? ಈ ದಾರಿಯಲ್ಲಿ ನಡೆದವರು ಅಥವಾ ಮಕ್ಕಳಿಗೆ ಪಾಠ ಹೇಳಿದವರು ದಯವಿಟ್ಟು ತಿಳಿಸಬೇಕು.

ಇಂಗ್ಲೆಂಡಿನಲ್ಲಿ ಓದಿದವನು

ನಮಸ್ಕಾರ ಮೇಡಂ. ನಾನು ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಮತ್ತು ಸೃಜನಶೀಲ ಬರವಣಿಗೆ ಎರಡೂ ಸೇರಿದ ಬಿ.ಎ. ಮಾಡಿದ್ದೇನೆ. ತಮ್ಮ ಮೊದಲನೆಯ ಪ್ರಶ್ನೆಗೆ ತುಸು ವಿವರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಈ ಪದವಿಯ ಬಗ್ಗೆ ನಮ್ಮಲ್ಲಿ ಇರುವ ಕಲ್ಪನೆ ಬಹುಮಟ್ಟಿಗೆ ಭಾಷಣಗಳ ಕಲ್ಪನೆ. ಕಥೆ ಬರೆಯುವುದು ಹೇಗೆಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಹೇಳುತ್ತಾರೆ ಎಂದುಕೊಳ್ಳುತ್ತಾರೆ.

ವಾಸ್ತವದಲ್ಲಿ ಓದಿನ ಅರ್ಧಕ್ಕಿಂತ ಹೆಚ್ಚು ಪಾಲು ಸಾಹಿತ್ಯದ ಓದೇ ಆಗಿರುತ್ತದೆ. ಉಳಿದದ್ದು ಕಮ್ಮಟದ ತರಗತಿ. ಹತ್ತು ಹನ್ನೆರಡು ವಿದ್ಯಾರ್ಥಿಗಳು ಮೇಜಿನ ಸುತ್ತ ಕುಳಿತಿರುತ್ತಾರೆ. ಆ ವಾರ ಯಾರ ಸರದಿಯೋ ಅವರ ಕಥೆಯ ಕರಡು ಮುಂಚಿತವಾಗಿಯೇ ಎಲ್ಲರ ಕೈ ಸೇರಿದ್ದು, ಪ್ರತಿಯೊಬ್ಬರೂ ಅಂಚಿನಲ್ಲಿ ಟಿಪ್ಪಣಿ ಬರೆದುಕೊಂಡು ಬಂದಿರುತ್ತಾರೆ. ಚರ್ಚೆ ನಡೆಯುವಷ್ಟು ಹೊತ್ತೂ ಬರೆದವರು ಬಾಯಿ ತೆರೆಯಬಾರದೆಂಬುದು ನಮ್ಮ ತರಗತಿಯ ನಿಯಮವಾಗಿತ್ತು. ನಮ್ಮಲ್ಲೊಬ್ಬಳು ತಾಯಿಯ ಅಂತ್ಯಕ್ರಿಯೆಗೆ ಊರಿಗೆ ಬರುವ ಅಕ್ಕ-ತಮ್ಮಂದಿರ ಕಥೆ ಬರೆದಿದ್ದಳು. ಎರಡನೆಯ ಪುಟದಲ್ಲಿ ತಮ್ಮ ಹಾಲು ತರಲು ಅಂಗಡಿಗೆ ಹೋಗುತ್ತಾನೆ, ಆಮೇಲೆ ಕಥೆ ಅವನನ್ನು ಮರೆತೇಬಿಡುತ್ತದೆ. ಪ್ರತಿಗಳು ಅವಳ ಕೈಗೆ ಮರಳಿದಾಗ ಹೆಚ್ಚುಕಡಿಮೆ ಎಲ್ಲರೂ ಅದೇ ಸಾಲಿನ ಪಕ್ಕದಲ್ಲಿ ‘ತಮ್ಮ ಎಲ್ಲಿ?’ ಎಂದು ಬರೆದಿದ್ದರು. ಅವನು ತಿರುಗಿ ಬಾರದಿರುವುದೇ ಕಥೆಯ ಕೇಂದ್ರವಾಗಬಹುದೆಂದು ಅವಳಿಗೆ ಹೊಳೆದದ್ದು ಆಗ. ಮುಂದಿನ ಕರಡಿನಲ್ಲಿ ಅಂತ್ಯಕ್ರಿಯೆಯೇ ಹಿಂದಕ್ಕೆ ಸರಿದು, ಒಲೆಯ ಮೇಲೆ ಚಹದ ನೀರಿಟ್ಟು ಕಾಯುವ ಅಕ್ಕ ಮುಂದಕ್ಕೆ ಬಂದಳು. ಒಬ್ಬಳೇ ಕೋಣೆಯಲ್ಲಿ ಕುಳಿತು ಬರೆದಿದ್ದರೆ ಆ ಕಥೆ ಅಲ್ಲಿಗೆ ತಲುಪುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಅಂಕಗಳು ಬರುವುದು ಬಹುತೇಕ ಪೋರ್ಟ್‌ಫೋಲಿಯೋಗೆ, ಅಂದರೆ ಅವಧಿಯ ಕೊನೆಯಲ್ಲಿ ಸಲ್ಲಿಸುವ ತಿದ್ದಿದ ಬರಹಗಳ ಕಟ್ಟಿಗೆ. ಅದರೊಂದಿಗೆ ತಾನು ಏನನ್ನು ಏಕೆ ಬದಲಿಸಿದೆನೆಂದು ವಿವರಿಸುವ ಒಂದು ವಿಮರ್ಶಾತ್ಮಕ ಟಿಪ್ಪಣಿಯನ್ನೂ ಬರೆಯಬೇಕು. ಈ ಟಿಪ್ಪಣಿಯ ಅಭ್ಯಾಸವೇ ನನಗೆ ಇಂದಿಗೂ ಅನ್ನ ಕೊಡುತ್ತಿದೆ: ನಾನು ಈಗ ಪುಸ್ತಕ ಪ್ರಕಾಶನದಲ್ಲಿ ಸಂಪಾದಕನಾಗಿದ್ದೇನೆ.

ಒಂದು ವಿಷಯವನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಈ ಕ್ಷೇತ್ರದ ದೊಡ್ಡ ಹೆಸರುಗಳು ಬಂದಿರುವುದು ಸ್ನಾತಕೋತ್ತರ ಮಟ್ಟದಿಂದ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಲೇಖಕರ ಕಮ್ಮಟ 1936ರಲ್ಲಿ ಆರಂಭವಾಯಿತು. ಇಂಗ್ಲೆಂಡಿನಲ್ಲಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಎಂ.ಎ. 1970ರಲ್ಲಿ ಆರಂಭವಾಯಿತು, ಆಂಗಸ್ ವಿಲ್ಸನ್ ಮತ್ತು ಮಾಲ್ಕಂ ಬ್ರಾಡ್ಬರಿ ಅದರ ಸ್ಥಾಪಕರು. ಅಲ್ಲಿ ಓದಿ ಮುಂದೆ 2017ರಲ್ಲಿ ನೊಬೆಲ್ ಪಡೆದ ಕಜುವೋ ಇಶಿಗುರೋ ಪದವಿಯಲ್ಲಿ ಓದಿದ್ದು ಇಂಗ್ಲಿಷ್ ಮತ್ತು ತತ್ತ್ವಶಾಸ್ತ್ರವನ್ನು. ಅಯೋವಾದಲ್ಲಿ ಓದಿದ ಅಮೆರಿಕದ ಕಥೆಗಾರ್ತಿ ಫ್ಲಾನರಿ ಓಕಾನರ್ ಅವರ ಪದವಿ ಸಮಾಜ ವಿಜ್ಞಾನದ್ದು. ಸ್ನಾತಕೋತ್ತರ ಪ್ರವೇಶಕ್ಕೆ ಮುಖ್ಯವಾಗಿ ನೋಡುವುದು ಬರಹದ ಮಾದರಿಯನ್ನು. ಯಾವ ವಿಷಯದಲ್ಲಿ ಪದವಿ ಪಡೆದಿರಿ ಎಂಬುದಕ್ಕೆ ಅಷ್ಟು ಮಹತ್ವವಿಲ್ಲ. ಅಮೆರಿಕದ ಹಲವು ಎಂ.ಎಫ್.ಎ. (ಲಲಿತಕಲೆಯ ಸ್ನಾತಕೋತ್ತರ ಪದವಿ) ಕೋರ್ಸುಗಳಲ್ಲಿ ಶುಲ್ಕ ಮನ್ನಾ ಮಾಡಿ, ಪಾಠ ಹೇಳುವ ಕೆಲಸಕ್ಕೆ ಭತ್ಯೆಯನ್ನೂ ಕೊಡುತ್ತಾರೆ. ಪದವಿ ಮಟ್ಟದಲ್ಲಿ ಅಂಥ ನೆರವು ಬಲು ಅಪರೂಪ. 2025-26ನೇ ಸಾಲಿನಲ್ಲಿ ಇಂಗ್ಲೆಂಡಿನ ಸ್ವದೇಶಿ ವಿದ್ಯಾರ್ಥಿಗಳಿಂದಲೇ ವರ್ಷಕ್ಕೆ 9,535 ಪೌಂಡುಗಳವರೆಗೆ ಶುಲ್ಕ ಪಡೆಯಬಹುದು. ಹೊರದೇಶದವರಿಗೆ ಆ ಮಿತಿಯೂ ಇಲ್ಲ. ಹಾಗಾಗಿ ಸಾಲ ಮಾಡಿ ಬಿ.ಎ.ಗೇ ಇಲ್ಲಿಗೆ ಕಳಿಸಿರೆಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಸರ್ಕಾರಿ ಕಾಲೇಜಿನ ಕನ್ನಡ ಅಧ್ಯಾಪಕ

ಅಮ್ಮ, ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳುತ್ತ ಬಂದವನು. ಮೇಲಿನವರು ಹೇಳಿದ ಕಮ್ಮಟದ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಅದಕ್ಕಾಗಿ ಊರು ಬಿಡಬೇಕೆಂಬುದನ್ನು ಒಪ್ಪುವುದಿಲ್ಲ.

ನಮ್ಮ ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ತೆಗೆದುಕೊಂಡರೆ ಪಂಪನಿಂದ ಹಿಡಿದು ವಚನ, ಕೀರ್ತನೆ, ನವೋದಯ, ನವ್ಯ, ದಲಿತ-ಬಂಡಾಯದವರೆಗೆ ಓದು ಸಿಗುತ್ತದೆ. ಜೊತೆಗೆ ಕಾವ್ಯಮೀಮಾಂಸೆ, ಛಂದಸ್ಸು, ಭಾಷಾಚರಿತ್ರೆ ಇರುತ್ತವೆ. ಹದಿನೆಂಟರ ವಯಸ್ಸಿನಲ್ಲಿ ಷಟ್ಪದಿಯ ಮಾತ್ರಾಗಣಗಳನ್ನು ಬೆರಳಿನ ಮೇಲೆ ಎಣಿಸಿ ಗಟ್ಟಿಯಾಗಿ ಓದಿ ಕಲಿತವರ ಗದ್ಯದಲ್ಲೂ ಒಂದು ಲಯ ಬಂದು ಕೂರುವುದನ್ನು ನಾನು ವಿದ್ಯಾರ್ಥಿಗಳಲ್ಲಿ ಕಂಡಿದ್ದೇನೆ. ಆದರೆ ಕೊರತೆಯೂ ದೊಡ್ಡದೇ. ನಮ್ಮ ಪಠ್ಯಕ್ರಮ ವಿದ್ಯಾರ್ಥಿಯಿಂದ ಕವಿತೆಯ ಬಗ್ಗೆ ಬರೆಸುತ್ತದೆಯೇ ಹೊರತು ಕವಿತೆಯನ್ನು ಬರೆಸುವುದಿಲ್ಲ. ಇದು ಬದಲಾಗಬೇಕೆಂದು ಅಧ್ಯಯನ ಮಂಡಳಿಗಳಲ್ಲಿ ಅಧ್ಯಾಪಕರು ಪಟ್ಟು ಹಿಡಿಯಬೇಕು. ವರ್ಷಕ್ಕೆ ಒಂದು ಪತ್ರಿಕೆಯನ್ನಾದರೂ ಪರೀಕ್ಷೆಯ ಬದಲು ವಿದ್ಯಾರ್ಥಿಯ ಸ್ವಂತ ಬರಹ ಮತ್ತು ಅದರ ತಿದ್ದುಪಡಿಗಳ ಮೇಲೆ ಮೌಲ್ಯಮಾಪನ ಮಾಡಲು ಸಾಧ್ಯವಿದೆ.

ಬರವಣಿಗೆಯನ್ನು ಕಲಿಸಲಾಗದೆನ್ನುವವರು ನಮ್ಮ ಲೇಖಕರ ಉದಾಹರಣೆಯನ್ನೇ ಕೊಡುತ್ತಾರೆ. ಯಶವಂತ ಚಿತ್ತಾಲರು ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿದ್ದವರು, ವೈದೇಹಿಯವರು ಬಿ.ಕಾಂ. ಓದಿದವರು, ಜಯಂತ ಕಾಯ್ಕಿಣಿಯವರು ಜೀವರಸಾಯನ ವಿಜ್ಞಾನದ ಎಂ.ಎಸ್ಸಿ. ಅವರಿಗೆಲ್ಲ ಯಾವ ಕೋರ್ಸೂ ಬೇಕಾಗಲಿಲ್ಲವಲ್ಲ ಎಂಬ ವಾದ ಮೇಲುನೋಟಕ್ಕೆ ಸರಿಯೆನ್ನಿಸುತ್ತದೆ. ಆದರೆ ಕನ್ನಡದಲ್ಲಿ ಕೋರ್ಸುಗಳಿಲ್ಲದಿದ್ದರೂ ಕಲಿಸುವ ಜಾಗಗಳು ಇದ್ದವು: ಸಣ್ಣ ಪತ್ರಿಕೆಗಳ ಸಂಪಾದಕರು ಪುಟಗಟ್ಟಲೆ ಪತ್ರ ಬರೆದು ಕಥೆಯನ್ನು ತಿದ್ದಿಸುತ್ತಿದ್ದರು, ಹಿರಿಯರ ಮನೆಯ ಜಗಲಿಯಲ್ಲಿ ಹಸ್ತಪ್ರತಿಯ ಓದು ನಡೆಯುತ್ತಿತ್ತು. ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘವನ್ನೇ ನೋಡಿ. ಚಿ. ಶ್ರೀನಿವಾಸರಾಜು ಅವರು ಪದವಿ ವಿದ್ಯಾರ್ಥಿಗಳಿಗಾಗಿ ಬೇಂದ್ರೆಯವರ ನೆನಪಿನಲ್ಲಿ ಅಂತರ ಕಾಲೇಜು ಕವನ ಸ್ಪರ್ಧೆಯನ್ನು ನಡೆಸಿ, ಗೆದ್ದ ಕವಿತೆಗಳನ್ನು ಕಡಿಮೆ ಬೆಲೆಯ ಪುಸ್ತಕವಾಗಿ ತಂದರು; ಇಂದು ಹೆಸರಾದ ಅನೇಕರ ಮೊದಲ ಕವಿತೆ ಅಚ್ಚಾದದ್ದು ಅಂಥ ಪುಸ್ತಕಗಳಲ್ಲಿ. ಆ ಪುಸ್ತಕಗಳೆಲ್ಲ ಯಾವ ಪದವಿಯ ಹೆಸರೂ ಇಲ್ಲದೆ, ಸಂಜೆಯ ಹೊತ್ತಿನಲ್ಲಿ, ಒಬ್ಬ ಮೇಷ್ಟ್ರ ಹಟದಿಂದ ಬಂದವು.

ನನ್ನ ತರಗತಿಯಲ್ಲಿ ನಾನು ಮಾಡುವ ಒಂದು ಕೆಲಸವನ್ನು ಹೇಳುತ್ತೇನೆ. ವಿದ್ಯಾರ್ಥಿ ಕಥೆ ತಂದಾಗ ಕೊನೆಯ ಪ್ಯಾರಾದ ಮೇಲೆ ಒಂದು ಬಿಳಿ ಹಾಳೆ ಇಟ್ಟು, ಉಳಿದದ್ದನ್ನು ಗಟ್ಟಿಯಾಗಿ ಓದಲು ಹೇಳುತ್ತೇನೆ. ಹತ್ತರಲ್ಲಿ ಎಂಟು ಕಥೆಗಳು ಹಾಳೆಯ ಮೇಲಂಚಿನಲ್ಲೇ ಮುಗಿದಿರುತ್ತವೆ. ಹಾಳೆಯ ಕೆಳಗೆ ಇರುವುದು ನೀತಿ. ಅದನ್ನು ಹೊಡೆದುಹಾಕಲು ಮಕ್ಕಳಿಗೆ ತುಂಬ ಸಂಕಟವಾಗುತ್ತದೆ, ಶಾಲೆಯಲ್ಲಿ ನೀತಿ ಬರೆದಿದ್ದಕ್ಕೇ ಅಂಕ ಸಿಕ್ಕಿರುತ್ತದೆ.

ಉದ್ಯೋಗದ ಬಗ್ಗೆ ಯಜಮಾನರ ಚಿಂತೆ ಹುಸಿಯಲ್ಲ. ಸರ್ಕಾರಿ ಶಿಕ್ಷಕರ ನೇಮಕಾತಿಯಲ್ಲಿ ಪದವಿಯಲ್ಲಿ ಯಾವ ವಿಷಯಗಳನ್ನು ಓದಿದ್ದಾರೆಂಬುದನ್ನು ಕಟ್ಟುನಿಟ್ಟಾಗಿ ನೋಡುತ್ತಾರೆ. ಪಿಯು ಉಪನ್ಯಾಸಕರಾಗಲು ಆಯಾ ವಿಷಯದ ಸ್ನಾತಕೋತ್ತರ ಪದವಿಯೂ ಬಿ.ಇಡಿ.ಯೂ ಬೇಕು. ಹೊಸ ಹೆಸರಿನ ಪದವಿ ಅಲ್ಲಿ ಒಪ್ಪಿತವೇ ಎಂಬುದನ್ನು ಹಿಂದಿನ ಅಧಿಸೂಚನೆಗಳನ್ನು ತೆಗೆದು ನೋಡದೆ ಸೇರಿಸಬೇಡಿ. 2024-25ರಿಂದ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು ಮತ್ತೆ ಮೂರು ವರ್ಷದ ಪದವಿಗೆ ಮರಳಿರುವುದರಿಂದ, ಬೇರೆಡೆಯ ನಾಲ್ಕು ವರ್ಷದ ಆನರ್ಸ್ ಪದವಿಯ ಖರ್ಚನ್ನು ಹೋಲಿಸುವಾಗ ಆ ಹೆಚ್ಚುವರಿ ವರ್ಷವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಅನುವಾದಕಿ, ಬೆಂಗಳೂರು

ಭಾಷೆಯ ಪ್ರಶ್ನೆಯನ್ನು ಇಬ್ಬರೂ ಬದಿಗಿಟ್ಟಂತೆ ಕಾಣುತ್ತದೆ. ನನಗೆ ಇಲ್ಲಿ ಅದಕ್ಕಿಂತ ಮುಖ್ಯವಾದದ್ದು ಇಲ್ಲ.

ನಾನು ಪದವಿ ವಿದ್ಯಾರ್ಥಿಗಳ ಇಂಗ್ಲಿಷ್ ಕಮ್ಮಟಗಳಿಗೆ ಅತಿಥಿಯಾಗಿ ಹೋಗುತ್ತಿರುತ್ತೇನೆ. ಸಣ್ಣ ಊರುಗಳಿಂದ ಬಂದ ಮಕ್ಕಳ ಬರಹದಲ್ಲಿ ಮೊದಲ ವರ್ಷದಲ್ಲೇ ಒಂದು ಬದಲಾವಣೆ ಕಾಣಿಸುತ್ತದೆ. ತರಗತಿಯ ಓದುಗರಿಗೆ ಆ ಊರು ಗೊತ್ತಿರುವುದಿಲ್ಲವಾದ್ದರಿಂದ ಪ್ರತಿಯೊಂದನ್ನೂ ವಿವರಿಸಲು ತೊಡಗುತ್ತಾರೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಅಪ್ಪನ ಬಗ್ಗೆ ಬರೆದ ಒಬ್ಬ ಹುಡುಗನ ಕಥೆಯಲ್ಲಿ ಮೊದಲ ಎರಡು ಪುಟ ಮಂಡಕ್ಕಿ ಎಂದರೇನು, ಭಟ್ಟಿಯಲ್ಲಿ ಮರಳನ್ನು ಹೇಗೆ ಕಾಯಿಸುತ್ತಾರೆ ಎಂಬುದರಲ್ಲೇ ಕಳೆದುಹೋಗಿತ್ತು. ಅಪ್ಪ ಬಾಯಿ ತೆರೆಯುವುದು ಮೂರನೆಯ ಪುಟದಲ್ಲಿ. ಅದೇ ಹುಡುಗನಿಗೆ ಅದನ್ನು ಕನ್ನಡದಲ್ಲಿ ಬರೆದು ತಾ ಎಂದೆ. ಕನ್ನಡದ ಕರಡಿನ ಮೊದಲ ಸಾಲಿನಲ್ಲೇ ಅಪ್ಪ ಹೊಗೆಗೆ ಕೆಮ್ಮುತ್ತ, ಮಗನ ಫೀಸಿನ ಹಣವನ್ನು ಯಾರಿಂದ ತರುವುದೆಂದು ಲೆಕ್ಕ ಹಾಕುತ್ತಿದ್ದ. ಆಮೇಲೆ ಅದನ್ನೇ ಅವನು ಇಂಗ್ಲಿಷಿಗೆ ತಂದಾಗ ಆ ಎರಡು ಪುಟಗಳ ಅಗತ್ಯವೇ ಬೀಳಲಿಲ್ಲ.

ಆದ್ದರಿಂದ ಇಂಗ್ಲಿಷ್ ಕೋರ್ಸಿಗೆ ಸೇರಿದರೆ ಕನ್ನಡ ಹೋಗಿಬಿಡುತ್ತದೆ ಎಂಬ ಭಯ ಬೇಡ. ಆದರೆ ಕನ್ನಡದಲ್ಲಿ ಬರೆಯುವುದನ್ನು ನಿಲ್ಲಿಸಿದರೆ ಖಂಡಿತ ಹೋಗುತ್ತದೆ. ಕನ್ನಡದಲ್ಲೇ ಬರೆದವರಿಗೆ ಲೋಕದ ಓದುಗರು ಸಿಗುವುದಿಲ್ಲವೆಂದು ಮಗಳಿಗೆ ಯಾರಾದರೂ ಹೇಳಿದ್ದರೆ, ಹಾಸನದಲ್ಲಿದ್ದುಕೊಂಡು, ವಕೀಲಿಕೆ ಮಾಡಿಕೊಂಡು ಕನ್ನಡದಲ್ಲಿ ಬರೆದ ಬಾನು ಮುಷ್ತಾಕ್ ಅವರ ಕಥೆಗಳಿಗೆ ದೀಪಾ ಭಾಸ್ತಿಯವರ ಅನುವಾದದ ಮೂಲಕ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದದ್ದನ್ನು ತಿಳಿಸಿ.

ನನ್ನನ್ನು ಕೇಳಿದರೆ ಐಚ್ಛಿಕ ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಒಟ್ಟಿಗೆ ಓದಲು ಬಿಡುವ ಕಾಲೇಜನ್ನು ಹುಡುಕಬೇಕು. ಎರಡು ಭಾಷೆಯಲ್ಲೂ ಕೈ ಪಳಗಿದ, ಅನುವಾದ ಮಾಡಬಲ್ಲ ಹುಡುಗಿಗೆ ಪ್ರಕಾಶನ, ಪತ್ರಿಕೆ, ಧ್ವನಿಪುಸ್ತಕ, ಉಪಶೀರ್ಷಿಕೆ ಇಂಥ ಕಡೆಗಳಲ್ಲಿ ಕೆಲಸವಿದೆ; ಸಂಬಳ ಆರಂಭದಲ್ಲಿ ಕಡಿಮೆಯೆಂಬುದೂ ನಿಜ.

ದಾವಣಗೆರೆಯ ತಾಯಿ

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ನಾನು ಋಣಿ. ಮಗಳೂ ಓದಿದಳು. ಇಲ್ಲೇ ಓದುವುದಾದರೆ ಕಮ್ಮಟದ ವಾತಾವರಣ ಎಲ್ಲಿ ಸಿಗುತ್ತದೆಂದು ಕೇಳುತ್ತಿದ್ದಾಳೆ. ಖಾಸಗಿ ವಿಶ್ವವಿದ್ಯಾಲಯವನ್ನು ಒಮ್ಮೆ ಹೋಗಿ ನೋಡಿಬರೋಣವೆಂದೂ ಅವಳಿಗೆ ಆಸೆಯಿದೆ. ಅಲ್ಲಿ ನಾವು ಏನನ್ನು ವಿಚಾರಿಸಬೇಕು?

ಸರ್ಕಾರಿ ಕಾಲೇಜಿನ ಕನ್ನಡ ಅಧ್ಯಾಪಕ

ಕಮ್ಮಟ ನಡೆಸಲು ಬರೆಯುವ ನಾಲ್ಕು ಜನ ಸಾಕು, ಹದಿನೈದು ದಿನಕ್ಕೊಮ್ಮೆ ಕೂಡುವ ಶಿಸ್ತು ಇದ್ದರೆ. ಪರೀಕ್ಷೆ ಮುಗಿದ ಮೇಲೆ ಹೆಗ್ಗೋಡಿನ ನೀನಾಸಂನ ಸಂಸ್ಕೃತಿ ಶಿಬಿರದ ಪ್ರಕಟಣೆಯನ್ನು ನೋಡುತ್ತಿರಲಿ. ಅಲ್ಲಿ ನಾಟಕ, ಉಪನ್ಯಾಸ, ಚರ್ಚೆಗಳ ನಡುವೆ ಅವಳ ವಯಸ್ಸಿನ ಬರೆಯುವವರು ಸಿಗುತ್ತಾರೆ. ಪತ್ರಿಕೆಗಳ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ಕಳಿಸಲಿ, ಏಕೆಂದರೆ ಕೊನೆಯ ದಿನಾಂಕವೊಂದು ಮುಂದಿದ್ದರೆ ಕರಡು ಮುಗಿಯುತ್ತದೆ. ಹದಿನೆಂಟು ದಾಟಿದವರಿಗೆ ಯುವ ಪ್ರತಿಭೆಗಳಿಗೆ ಕೊಡುವ ಬೆಂಗಳೂರಿನ ಟೋಟೋ ಪುರಸ್ಕಾರಗಳಲ್ಲಿ ಕನ್ನಡ ಸೃಜನಶೀಲ ಬರವಣಿಗೆಗೆ ಪ್ರತ್ಯೇಕ ವಿಭಾಗವಿದೆ. ಸಂಕಲನವಾಗುವಷ್ಟು ಕಥೆಗಳು ಕೂಡಿದಾಗ ‘ಛಂದ ಪುಸ್ತಕ’ ಪ್ರಕಾಶನದ ಹಸ್ತಪ್ರತಿ ಸ್ಪರ್ಧೆ, ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿಯ ಪ್ರೋತ್ಸಾಹಧನ ಇವೆ. ಅದಕ್ಕೆ ಅವಸರವಿಲ್ಲ.

ಇಂಗ್ಲೆಂಡಿನಲ್ಲಿ ಓದಿದವನು

ಭೇಟಿಯ ಬಗ್ಗೆ: ಕಟ್ಟಡ, ಗ್ರಂಥಾಲಯಗಳನ್ನು ಅವರೇ ತೋರಿಸುತ್ತಾರೆ. ತಾವು ಹಿಂದಿನ ವರ್ಷದ ವಿದ್ಯಾರ್ಥಿಯೊಬ್ಬರ ಪೋರ್ಟ್‌ಫೋಲಿಯೋವನ್ನು, ಅಧ್ಯಾಪಕರ ಟಿಪ್ಪಣಿಗಳ ಸಮೇತ, ನೋಡಲು ಕೇಳಿ. ಒಂದು ಕಮ್ಮಟದಲ್ಲಿ ಎಷ್ಟು ಜನ ಇರುತ್ತಾರೆ, ಒಬ್ಬ ವಿದ್ಯಾರ್ಥಿಯ ಬರಹ ಅವಧಿಗೆ ಎಷ್ಟು ಸಲ ಚರ್ಚೆಗೆ ಬರುತ್ತದೆ ಎಂದು ವಿಚಾರಿಸಿ. ಇಪ್ಪತ್ತೈದು ಮೂವತ್ತು ಮಂದಿಯನ್ನು ಕೂರಿಸಿದ್ದರೆ ಅದು ಕಮ್ಮಟವಲ್ಲ. ಪಾಠ ಹೇಳುವವರಲ್ಲಿ ಕಾಯಂ ಅಧ್ಯಾಪಕರು ಯಾರು, ವರ್ಷಕ್ಕೊಮ್ಮೆ ಬಂದುಹೋಗುವ ಅತಿಥಿಗಳು ಯಾರು ಎಂಬುದನ್ನೂ ಬಿಡಿಸಿ ಕೇಳಿ, ಮಾಹಿತಿ ಪುಸ್ತಿಕೆಯಲ್ಲಿ ಎರಡೂ ಹೆಸರುಗಳು ಒಂದೇ ಪಟ್ಟಿಯಲ್ಲಿರುತ್ತವೆ. ಕನ್ನಡದಲ್ಲಿ ಬರೆದು, ಜೊತೆಗೆ ತನ್ನದೇ ಅನುವಾದವನ್ನು ಸಲ್ಲಿಸಲು ಅವಕಾಶವಿದೆಯೇ ಎಂಬ ಪ್ರಶ್ನೆಯನ್ನು ಮಗಳೇ ನೇರವಾಗಿ ವಿಭಾಗದ ಮುಖ್ಯಸ್ಥರನ್ನು ಕೇಳಲಿ. ಅದಕ್ಕೆ ಅವರು ಕೊಡುವ ಉತ್ತರವನ್ನು ಬರಹದಲ್ಲಿ, ಇಮೇಲ್ ಮೂಲಕ ಪಡೆದುಕೊಂಡ ನಂತರವೇ ಮುಂಗಡ ಶುಲ್ಕ ಕಟ್ಟಿ.